ಗಿಡ್ಡ ಸ್ಪ್ರಿಂಗುಗಳು

ಮರಳುದಿಬ್ಬ ಹತ್ತುವಾಗ ಎಂಜಿನ್ ಕೂಗಿತು, ಬೈಕು ಮಾತ್ರ ಮುಂದೆ ಹೋಗಲಿಲ್ಲ. ಪುಣ್ಯಕ್ಕೆ ಅದು ಮನೆ ಹಿಂದಿನ ದಿಬ್ಬ. ಮರುದಿನ ಇದೇ ಬೈಕಿನಲ್ಲಿ ನಾನೊಬ್ಬಳೇ ಹೋಗಿ ದೂರದ ಕುರಿತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡಿ ಬರಬೇಕೆಂದು ಗಂಡ ರಸ್ ಹೇಳಿದ್ದ. ನಮ್ಮ ಕಡೆ ಜನವರಿಯೆಂದರೆ ಉರಿಬೇಸಿಗೆ; ಆ ಬಿಸಿಲಿನಲ್ಲಿ ಅಲ್ಲಿ ಬೈಕು ಕೆಟ್ಟರೆ ಮಧ್ಯಾಹ್ನದೊಳಗೆ ನನ್ನ ಕಥೆ ಮುಗಿದಂತೆ.

ರಸ್ ಕುರಿ ಮಾರಲು ಲಾಂಗ್‌ರೀಚ್ ಪೇಟೆಗೆ ಹೋಗಿದ್ದ. ಅವನು ಬಂದು ಹೀಯಾಳಿಸುವ ಮೊದಲೇ ಸರಿಮಾಡೋಣವೆಂದು ಬೈಕನ್ನು ಶೆಡ್ಡಿನಲ್ಲಿ ಎಡಮಗ್ಗುಲಿಗೆ ಮಲಗಿಸಿದೆ. ಹಾಗೆ ಮಲಗಿಸಿದರೆ ಆಯಿಲ್ ಚೆಲ್ಲುವುದಿಲ್ಲ. ನಮ್ಮ ಅಡುಗೆಯ ಮುದುಕ ನೆವ್ ಟೀ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತ.

"ಪ್ಲೇಟು ಸುಟ್ಟಿರತ್ತೆ ಕಣಮ್ಮ. ನೀನು ಕ್ಲಚ್ ಹಿಡ್ಕೊಂಡೇ ಕುರಿ ಅಟ್ತೀಯಲ್ಲ."

"ನೀವು ಸುಡೋ ಬ್ರೆಡ್ಡಿಗಿಂತ ಕಮ್ಮಿನೇ ಬಿಡಿ."

ಕ್ಲಚ್ಚಿನ ಮುಚ್ಚಳ ಬಿಚ್ಚಿ ಪ್ಲೇಟುಗಳನ್ನು ಒಂದೊಂದಾಗಿ ತೆಗೆದೆ. ಒಂದೂ ಸುಟ್ಟಿರಲಿಲ್ಲ, ಸವೆದಿರಲಿಲ್ಲ. ಕೇಬಲ್ಲೂ ಸರಿಯಿತ್ತು. ಇನ್ನುಳಿದದ್ದು ಪ್ಲೇಟುಗಳನ್ನು ಒತ್ತಿಹಿಡಿಯುವ ಐದು ಸ್ಪ್ರಿಂಗು. ಸಾಲಾಗಿ ನಿಲ್ಲಿಸಿದರೆ ಮೂರು ಗಿಡ್ಡ. ಒತ್ತು ಸಾಲದೆ ಕ್ಲಚ್ ಜಾರಿದ್ದು ಅದಕ್ಕೇ. ಅವುಗಳ ತುದಿ ಹೊಸದಾಗಿ ಮಿನುಗುತ್ತಿತ್ತು.

ನೆವ್ ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ಇದು ಸವೆದಿದ್ದಲ್ಲ. ಕಬ್ಬಿಣ ಕೊಯ್ಯೋ ಗ್ರೈಂಡರಲ್ಲಿ ಕೊಯ್ದಿದ್ದು."

ಆ ಗ್ರೈಂಡರನ್ನು ರಸ್ ಬಿಟ್ಟರೆ ಯಾರೂ ಮುಟ್ಟುವಂತಿರಲಿಲ್ಲ. ಹೋದ ವಾರವಷ್ಟೇ, ನಿನ್ನ ಬಿಟ್ಟು ಹೋಗುತ್ತೇನೆ ಎಂದು ಅವನಿಗೆ ಹೇಳಿದ್ದೆ. ಮಾತುಮಾತಿಗೆ ಹರಿಹಾಯುವ ಮನುಷ್ಯ ಅವತ್ತು ಜಗಳವನ್ನೇ ಆಡಿರಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ನೆವ್ ಎದ್ದು, ಹಿತ್ತಲಲ್ಲಿ ಬಿದ್ದಿದ್ದ ಇದೇ ಜಾತಿಯ ಹಳೇ ಬೈಕಿನಿಂದ ಸ್ಪ್ರಿಂಗು ಬಿಚ್ಚಿ ತಂದ. ಅವನ್ನು ಹಾಕಿ ಎಲ್ಲ ಜೋಡಿಸಿದೆ. ಕೊನೆಯ ಬೋಲ್ಟು ಬಿಗಿಯುವಾಗ ಹೊರಗೆ ಗಾಡಿ ನಿಂತ ಸದ್ದಾಯಿತು. ನೆವ್ ಗಿಡ್ಡ ಸ್ಪ್ರಿಂಗುಗಳನ್ನು ತನ್ನ ಟೀ ಲೋಟದೊಳಗೆ ಹಾಕಿದ.

"ಏನೇ ಡೆಲ್, ಬೈಕಿಗೇನಾಯ್ತು?" ರಸ್ ಬಾಗಿಲಲ್ಲೇ ನಿಂತು ಕೇಳಿದ.

ಬೈಕನ್ನು ಎತ್ತಿ ನಿಲ್ಲಿಸಿದೆ. "ಕ್ಲಚ್ ಜಾರ್ತಿದೆ. ಬಿಚ್ಚೋಣ ಅಂತಿದ್ದೆ, ನೆವ್ ಬೇಡ ಅಂದ್ರು."

"ಅಷ್ಟಕ್ಕೆಲ್ಲ ಬಿಚ್ತಾರಾ? ಸ್ವಲ್ಪ ಜಾರಿದ್ರೇನು, ಓಡತ್ತೆ. ನಾಳೆ ಹೋಗ್ಬಾ." ಹತ್ತಿರ ಬಂದು ಭುಜ ತಟ್ಟಿದ.

ಬೆಳಿಗ್ಗೆ ಅವನೇ ನೀರು ತುಂಬಿಸಿಕೊಟ್ಟ. ಒಂದೇ ಬಾಟಲಿ.

ಗೇಟಿನಾಚೆ ತೊಟ್ಟಿಯ ದಾರಿ ಎಡಕ್ಕೆ, ಹೆದ್ದಾರಿ ಬಲಕ್ಕೆ. ಅವನ ಕಣ್ಣು ಬೆನ್ನಿಗೆ ನೆಟ್ಟಿದೆ ಎಂದು ಗೊತ್ತಿತ್ತು. ಎಡಕ್ಕೇ ತಿರುಗಿ, ಕ್ಲಚ್ ಅರ್ಧ ಹಿಡಿದು, ಬೇಕೆಂದೇ ಎಂಜಿನ್ ಕೂಗಿಸುತ್ತ ಕುಂಟುತ್ತ ಹೋದೆ. ದಿಬ್ಬ ದಾಟಿ ಮನೆ ಮರೆಯಾದ ಮೇಲೆ ಬೈಕನ್ನು ಹೆದ್ದಾರಿಯ ಕಡೆ ತಿರುಗಿಸಿ ಕ್ಲಚ್ ಪೂರ್ತಿ ಬಿಟ್ಟೆ. ಬೈಕು ಜಾರಲಿಲ್ಲ.