ಇಪ್ಪತ್ತನೇ ಬಿಸ್ಕತ್ತು

ಏಪ್ರಿಲ್‌ನಿಂದ ಡೂಗಲ್ ಪಿರೀ ಮನೆಯಲ್ಲೇ ಕೂತಿದ್ದ. ಕಾಲು ಮುರಿದಿರಲಿಲ್ಲ, ಜ್ವರವೂ ಇರಲಿಲ್ಲ. ಪಿಟ್ಟನ್‌ಕರ್ಕ್ ಊರಿನಲ್ಲಿ ಗಂಡಸು ಗಾಲ್ಫ್ ಬಿಟ್ಟು ಎರಡು ತಿಂಗಳು ಮನೆಯಲ್ಲಿ ಕೂತರೆ ಜನ ಡಾಕ್ಟರನ್ನು ಕರೆಸುತ್ತಾರೆ. ಹೆಂಡತಿ ನೆಟ್ಟಾಗೆ ಡಾಕ್ಟರು ಗೀಕ್ಟರು ಬೇಕಿರಲಿಲ್ಲ, ಈ ಮಹಾರಾಯ ಹೊಸ್ತಿಲು ದಾಟಿದರೆ ಸಾಕಿತ್ತು.

ಹೊತ್ತು ಹೋಗದೆ ಅವನು ಅಡುಗೆಮನೆ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ದ. ಇವತ್ತು ಬೆಳಿಗ್ಗೆ ಗಂಜಿಗೆಂದು ಓಟ್ಸ್ ಡಬ್ಬಿಗೆ ಕೈ ಹಾಕಿದರೆ ಬಂದದ್ದು ಗುಲಾಬಿ ಗಿಡದ ಗೊಬ್ಬರ!

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದಾಟ ಆಡ್ಕೊಂಡು ಬನ್ನಿ."

"ತಲೆ ಕೆಟ್ಟಿದ್ಯೇನೇ ನಿಂಗೆ? ಇನ್ನೊಂದು ಆಟ ಆಡಿ ಅಂಕದ ಕಾರ್ಡ್ ಕೊಟ್ರೆ ನನ್ನ ಸೆಪ್ಟೆಂಬರ್ ಆಟ ಬಿದ್ದೋಗತ್ತೆ! ಹ್ಯಾಂಡಿಕ್ಯಾಪ್ ಹದಿನೆಂಟು ದಾಟತ್ತೆ! ನಿನ್ನ ಅಣ್ಣ ವಾಟಿ ಹೆಸರಿನ ಕೆಳಗೆ ನನ್ನ ಹೆಸರು ಬರ್ಬೇಕಾ?"

ಏಪ್ರಿಲ್‌ನಲ್ಲಿ ಅವನು ಕೊನೆಗೆ ನೋಡಿದಾಗ ಕ್ಲಬ್ಬಿನ ಹಲಗೆಯಲ್ಲಿ ಅವನದು 17.9, ವಾಟಿಯದು 18.2. ಹ್ಯಾಂಡಿಕ್ಯಾಪ್ ಅಂದರೆ ಆಟಗಾರನ ಮಟ್ಟ ತೋರಿಸುವ ಸಂಖ್ಯೆ, ಅದು ಇಳಿದಷ್ಟೂ ಮರ್ಯಾದೆ ಏರುತ್ತದೆ. ಆ ಮರ್ಯಾದೆಗೆ ಎಲ್ಲಿ ಕುತ್ತು ಬರುತ್ತದೋ ಎಂದು ಡೂಗಲ್ ಈಗ ಕ್ಲಬ್ಬಿನತ್ತ ತಲೆ ಹಾಕುತ್ತಿರಲಿಲ್ಲ, ಕ್ಲಬ್ಬಿನವರು ಎದುರು ಬಂದರೆ ರಸ್ತೆ ದಾಟುತ್ತಿದ್ದ.

ನೆಟ್ಟಾ ಕೋಟು ಹಾಕಿಕೊಂಡು ನೇರ ಎಫೀ ಟಲಕ್ ಮನೆಗೆ ಹೋದಳು. ಕ್ಲಬ್ಬಿನ ಹ್ಯಾಂಡಿಕ್ಯಾಪ್ ಲೆಕ್ಕ ನೋಡುವವಳು ಎಫೀ. ಮೊದಲು ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಈಗಲೂ ಎಲ್ಲರಿಗೂ ಟೀಚರೇ.

"ಟೀಚರ್, ಈ ಹಾಳು ಲೆಕ್ಕ ಏನೂಂತ ಬಿಡಿಸಿ ಹೇಳಿ. ಇಲ್ಲಾಂದ್ರೆ ನಾನು ತೌರಿಗೆ ಹೋಗ್ತೀನಿ."

ಎಫೀ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲೆ ಇಪ್ಪತ್ತು ಬಿಸ್ಕತ್ತು ಸಾಲಾಗಿ ಇಟ್ಟಳು.

"ಇದು ಅವನ ಕೊನೇ ಇಪ್ಪತ್ತು ಆಟ. ಪ್ರತಿ ಆಟಕ್ಕೂ ಎಷ್ಟು ಹೊಡೆತ ಆಯ್ತು, ಮೈದಾನ ಎಷ್ಟು ಕಷ್ಟದ್ದು ಅಂತ ನೋಡಿ ಒಂದು ಅಂಕಿ. ಅದ್ರಲ್ಲಿ ಕಮ್ಮಿ ಅಂಕಿಯ ಎಂಟು ಆರಿಸಿ ಸರಾಸರಿ ತೆಗೀತೀವಿ. ಅದೇ ಹ್ಯಾಂಡಿಕ್ಯಾಪ್. ಹೊಸ ಬಿಸ್ಕತ್ತು ಈ ಕಡೆ ಇಟ್ರೆ, ಆ ಕಡೆಯ ಹಳೇದು ಔಟ್." ಹಳೆಯದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

"ಅಯ್ಯೋ, ಅದೇ ಅವ್ರ ಸೆಪ್ಟೆಂಬರ್!"

"ಆ ಸೆಪ್ಟೆಂಬರ್ ಆಟದ 15.3 ಎಲ್ಲಿದೆ ಈಗ? ಹೋದ ತಿಂಗಳೇ ಹೋಯ್ತಲ್ಲ. ಚರ್ಚಿನ ಮಾಡು ರಿಪೇರಿಗೆ ಪಾದ್ರಿಗಳು ಪಂದ್ಯ ಇಟ್ಟಿದ್ರಲ್ಲ, ಅದೂ ಲೆಕ್ಕಕ್ಕುಂಟು."

ನೆಟ್ಟಾಗೆ ನೆನಪಾಯಿತು. ಈ ಎರಡು ತಿಂಗಳಲ್ಲಿ ಆ ಒಂದೇ ಒಂದು ದಿನ ಡೂಗಲ್ 'ಇದು ಧರ್ಮದ ಆಟ, ಲೆಕ್ಕಕ್ಕಿಲ್ಲ' ಎನ್ನುತ್ತಾ ಸೀಟಿ ಹಾಕಿಕೊಂಡು ಹೋಗಿದ್ದ. ಪಾದ್ರಿಗಳೇ ಅಂಕ ಬರೆದಿದ್ದರು. ಕೊನೆಗೆ ಚಂದಾ ಪಟ್ಟಿಯೆಂದುಕೊಂಡು ಕಾರ್ಡಿಗೆ ಸಹಿ ಗೀಚಿ ಬಂದಿದ್ದ.

"ಹಾಗಾದ್ರೆ ವಾಟಿ ಮೇಲೆ ಹೋದ್ನಾ?"

"ಎಲ್ಲಿಂದ ಹೋಗ್ತಾನೆ! ಅವತ್ತು ನಿನ್ನ ಗಂಡ ಆಡಿದ್ದು 11.3 ಕಣಮ್ಮ. ಸೆಪ್ಟೆಂಬರ್‌ಗಿಂತ ನಾಲ್ಕು ಕಮ್ಮಿ, ಎಂಟರಲ್ಲಿ ಹಂಚಿದ್ರೆ ಅರ್ಧ. ಈಗ ಅವನು 17.4."

ನಲವತ್ತು ವರ್ಷ ಒಂದೊಂದು ಹೊಡೆತವನ್ನೂ ಎಣಿಸುತ್ತಾ ಬಂದ ಮನುಷ್ಯ, ಎಣಿಸದೆ ಆಡಿದ ದಿನವೇ ಅವನ ಜನ್ಮದಲ್ಲೇ ಒಳ್ಳೆಯ ಆಟ ಆಡಿದ್ದ. ನೆಟ್ಟಾಗೆ ಗಂಡನ ಬಗ್ಗೆ ಅಯ್ಯೋ ಪಾಪ ಅನ್ನಿಸಿತು. ಗೊಬ್ಬರದ ಡಬ್ಬಿ ನೆನಪಾಗಿ ಅದೂ ಹೋಯಿತು.

ಮನೆಗೆ ಬಂದು ವಿಷಯ ಹೇಳಿದಳು. ಸೆಪ್ಟೆಂಬರ್ ಹೋಯಿತು ಎಂದಾಗ ಡೂಗಲ್ ಕುರ್ಚಿಗೆ ಕುಸಿದ. 17.4 ಎಂದಾಗ ಎದ್ದು ನಿಂತ. ಹೊಸ ಆಟ ಸಾಲಿನ ಈಚೆ ತುದಿಯಲ್ಲಿದೆ, ಇನ್ನು ಹತ್ತೊಂಬತ್ತು ಆಟ ಹೇಗೆ ಆಡಿದರೂ ಅದು ಬೀಳುವುದಿಲ್ಲ ಎಂದಾಗ ಮನೆ ಚಪ್ಪಲಿಯಲ್ಲೇ ಗಾಲ್ಫ್ ಚೀಲ ಹೆಗಲಿಗೇರಿಸಿ ಓಡಿದ.

ಮನೆ ತಣ್ಣಗಾಯಿತು. ನೆಟ್ಟಾ ಚಹಾ ಮಾಡಿಕೊಂಡು ಕಾಲು ಚಾಚಿ ಕೂತಳು. ಅರ್ಧ ಕಪ್ಪು ಮುಗಿಯುವಷ್ಟರಲ್ಲಿ ತಲೆಗೆ ಹೊಳೆಯಿತು: ವಾರಕ್ಕೆ ಎರಡು ಆಟ, ಹತ್ತು ವಾರ. ಆಮೇಲೆ ಮತ್ತೆ ಅಡುಗೆಮನೆ ಡಬ್ಬಿಗಳೇ? ಅವಳು ಫೋನು ಎತ್ತಿದಳು.

"ಪಾದ್ರಿಗಳೇ, ಚರ್ಚಿನ ಮಾಡು ಇನ್ನೂ ಸೋರ್ತಿದೆ ತಾನೆ?"

"ಸೋರ್ತಿದೆಯಮ್ಮ, ಏನ್ಮಾಡೋದು."

"ಬಹಳ ಒಳ್ಳೇದಾಯ್ತು. ಆಗಸ್ಟ್ ಕೊನೇಲಿ ಇನ್ನೊಂದು ಪಂದ್ಯ ಇಟ್ಬಿಡಿ. ಅದು ಲೆಕ್ಕಕ್ಕಿಲ್ಲ ಅಂತ ನಮ್ಮನೆಯವರಿಗೆ ಹೇಳಿ."

"ನಾನು ಸುಳ್ಳು ಹೇಳೋದಾ, ನೆಟ್ಟಮ್ಮ?"

"ಹಾಗಾದ್ರೆ ಏನೂ ಹೇಳ್ಬೇಡಿ. ಅವ್ರ ಕೈಗೆ ಪೆನ್ಸಿಲ್ ಮಾತ್ರ ಕೊಡ್ಬೇಡಿ."