ನೇಯ್ದವಳ ಊರು

ಪರದೆಯ ಮೇಲಿನ ಪುಟ್ಟ ಮರಳುಗಡಿಯಾರ ಮಗುಚುತ್ತಲೇ ಇತ್ತು. ಯಾವ ಕೇಂದ್ರದಲ್ಲಿ ಎಷ್ಟು ಸೀರೆ ನೇಯ್ದರೆಂದು ನಮ್ಮ ನೇಕಾರರ ಸಂಘದ ಕಂಪ್ಯೂಟರನ್ನು ಕೇಳಿದರೆ, ಉತ್ತರ ಬರುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಆ ವ್ಯವಸ್ಥೆಯನ್ನು ಕಟ್ಟಿದವಳು ನಾನು. ಸೀರೆಗಳಿಗೊಂದು ಕೋಷ್ಟಕ, ನೇಕಾರರಿಗೊಂದು, ಕೇಂದ್ರಗಳಿಗೊಂದು. ಯಾವ ಸಂಗತಿಯೂ ಎರಡು ಕಡೆ ಇರಬಾರದು ಎಂಬುದು ನನ್ನ ಶಿಸ್ತು. ಪ್ರತಿ ಪ್ರಶ್ನೆಗೂ ಯಂತ್ರ ಅವನ್ನೆಲ್ಲ ಜೋಡಿಸಿಕೊಂಡು ಬರಬೇಕಿತ್ತು.

ಜೊತೆಗೆ ಕೆಲಸ ಮಾಡುತ್ತಿದ್ದ ವಿಮಲಾಕ್ಷಿಗೆ ತಾಳ್ಮೆ ಕಡಿಮೆ. "ಅಕ್ಕಾರ, ಉಪ್ಪು ಒಂದ ಮನ್ಯಾಗ, ಖಾರ ಇನ್ನೊಂದ ಮನ್ಯಾಗ ಇಟ್ಟು ಅಡಗಿ ಮಾಡಿದಂಗಾತು ಇದು," ಎಂದಳು. ವರದಿಗೆಂದೇ ಒಂದು ಅಗಲವಾದ ಕೋಷ್ಟಕ ಮಾಡಿ, ಸೀರೆ ದಾಖಲಾದ ದಿನವೇ ನೇಯ್ದವಳ ಹೆಸರು, ಕೇಂದ್ರ, ಅಂಚಿನ ಬಗೆ ಎಲ್ಲವನ್ನೂ ಅದೇ ಸಾಲಿಗೆ ನಕಲಿಸೋಣ ಎಂಬುದು ಅವಳ ವಾದ. ಒಲ್ಲದ ಮನಸ್ಸಿನಿಂದ ಒಪ್ಪಿದೆ. ವರ್ಷವಿಡೀ ಸಾಲುಗಳು ತುಂಬಿದವು. ಮರಳುಗಡಿಯಾರ ಒಮ್ಮೆ ಮಗುಚುವ ಮೊದಲೇ ಉತ್ತರ ಬರತೊಡಗಿತು.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಶಾಂತವೀರಪ್ಪನವರು ಹೊಳೆದಂಡೆಯ ಕೇಂದ್ರವನ್ನು ಮುಚ್ಚಲು ಹೊರಟರು. ಹಳೆಯ ಕೋಷ್ಟಕಗಳ ಪ್ರಕಾರ ಆ ವರ್ಷ ಅಲ್ಲಿ ನೇಯ್ದ ಸೀರೆಗಳೇ ಕಡಿಮೆ. ಅಗಲ ಕೋಷ್ಟಕ ಮಾತ್ರ ಅದರ ದುಪ್ಪಟ್ಟು ಹೇಳುತ್ತಿತ್ತು. ನಕಲೇ ತಪ್ಪಿರಬೇಕೆಂದು ಎಲ್ಲರೂ ಅಂದರು. ನಾನೂ ಹಾಗೆಯೇ ತಿಳಿದೆ. ಆದರೆ ಸಂಘದ ಒಟ್ಟು ಸೀರೆಗಳ ಸಂಖ್ಯೆ ಎರಡರಲ್ಲೂ ಒಂದೇ ಆಗಿತ್ತು.

ಒಂದು ಸೀರೆಯ ಬೆನ್ನು ಹತ್ತಿದೆ. ನೇಯ್ದವಳು ನೀಲವ್ವ. ಹೊಳೆದಂಡೆಯಲ್ಲೇ ಮಗ್ಗ ಕಲಿತು, ಅಲ್ಲೇ ನೇಯ್ದು, ಆ ವರ್ಷದ ನಡುವೆ ಮದುವೆಯಾಗಿ ಪೇಟೆಯ ಕೇಂದ್ರಕ್ಕೆ ಹೋದವಳು. ನನ್ನ ಶಿಸ್ತಿನ ಕೋಷ್ಟಕದಲ್ಲಿ ಅವಳ ಕೇಂದ್ರ ಬರೆದಿದ್ದುದು ಒಂದೇ ಕಡೆ. ಅಲ್ಲಿ ಪೇಟೆಯೆಂದು ತಿದ್ದಿದ ಕೂಡಲೇ ಅವಳು ಹಿಂದೆ ನೇಯ್ದುದೆಲ್ಲ ಪೇಟೆಗೆ ಸೇರಿಹೋಗಿತ್ತು. ಹೊಳೆದಂಡೆಯ ಎಷ್ಟೋ ಹುಡುಗಿಯರದೂ ಇದೇ ಕತೆ. ಅಗಲ ಕೋಷ್ಟಕದ ಸಾಲುಗಳಲ್ಲಿ ಮಾತ್ರ ಸೀರೆ ದಾಖಲಾದ ದಿನದ ಕೇಂದ್ರವೇ ಉಳಿದಿತ್ತು. ಮದುವೆಯಾದ ಮೇಲೆ ನನ್ನ ಊರೂ ಬದಲಾಗಿತ್ತು. ಆಮೇಲೆ ಯಾರೂ ನನ್ನನ್ನು ಹಿಂದಿನ ಊರಿನವಳೆಂದು ಕರೆದಿರಲಿಲ್ಲ. ಎರಡೂ ವರದಿಗಳನ್ನು ಮುದ್ರಿಸಿಕೊಂಡೆ.

ಸಭೆಯಲ್ಲಿ ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ನೀಲವ್ವನ ಸೀರೆಯ ಕತೆ ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದರು.

"ಅಂದ್ರ ಹುಡುಗಿ ಲಗ್ನಾಗಿ ಹೋದ್ರ, ನೇಯ್ದ ಸೀರೀನೂ ಆಕಿ ಬೆನ್ನ ಹತ್ತಿ ಹೋಗ್ತಾವೇನ್ರೀ?"

"ಹಳೇ ವರದಿಯೊಳಗ ಹೋಗ್ಯಾವ್ರಿ. ಆದ್ರ ಅವು ನೇಯ್ದದ್ದು ಹೊಳೆದಂಡ್ಯಾಗ," ಎಂದೆ.

ಮುಚ್ಚುವ ಮಾತು ಅಲ್ಲಿಗೇ ನಿಂತಿತು. ಮುಂದೊಮ್ಮೆ ಹೊಳೆದಂಡೆಗೆ ಹೋಗಿದ್ದಾಗ, ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ತನ್ನ ಕೊನೆಯ ಸೀರೆಯನ್ನು ಕತ್ತರಿಸಿ ಮಗ್ಗದಿಂದ ಇಳಿಸುತ್ತಿದ್ದಳು. ಮಗ್ಗದಲ್ಲೇ ಉಳಿದ ಅವಳ ಹಾಸಿನ ಉದ್ದನೆಯ ಎಳೆಗಳ ತುದಿಗಳಿಗೆ ಇನ್ನೊಬ್ಬಳು ಕೂತು, ಒಂದೊಂದೇ ಹೊಸ ಎಳೆಯನ್ನು ಗಂಟುಹಾಕುತ್ತಿದ್ದಳು.