ಒಂದು ಕಚ್ಚು, ಎರಡು ಕಚ್ಚು

ದಯವಿಟ್ಟು ಐದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋದರೆ ಮೇಷ್ಟ್ರ ಮೇಲೆ ನಿಮಗೆ ಬರೀ ಸಿಟ್ಟು ಉಳಿಯುತ್ತದೆ, ಅದು ನ್ಯಾಯವಲ್ಲ.

ಡ್ರಾಯಿಂಗ್ ಮೇಷ್ಟ್ರು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೂರು ಸಲ ತಪ್ಪಿತು. ನಾಲ್ಕನೇ ಸಲ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿದ ಮೇಲೆ ಒಳಹೋಯಿತು. ಅವರ ಮುಂದೆ, ನಲವತ್ತು ವರ್ಷ ತಾವೇ ಬಟ್ಟೆ ಕತ್ತರಿಸಿದ್ದ ಉದ್ದನೆಯ ಮೇಜಿನ ಮೇಲೆ, ಟೈಲರ್ ಮಲಗಿದ್ದರು. ಮಹಡಿಯ ಮನೆಗೆ ಮೆಟ್ಟಿಲು ತೀರಾ ಕಿರಿದು, ಜನ ಬಂದು ನೋಡಿಹೋಗುವುದಕ್ಕೆ ಕೆಳಗಿನ ಅಂಗಡಿಯೇ ಸರಿ ಎಂದು ಮಗಳು ಇಲ್ಲಿಗೇ ಇಳಿಸಿದ್ದಳು. ಮೈಮೇಲೆ ಅವರೇ ಹೊಲಿದುಕೊಂಡ ಕಂದು ಕೋಟು. ಎರಡನೇ ಗುಂಡಿ ಮಾತ್ರ ಇರಲಿಲ್ಲ.

"ಊರೋರ ಗುಂಡಿಯೆಲ್ಲಾ ಹಾಕ್ಕೊಟ್ಟ, ತನ್ನದಕ್ಕೆ ಮಾತ್ರ ಪುರುಸೊತ್ತಿಲ್ಲ ಇವನಿಗೆ," ಎಂದರು ಟೈಲರ್‌ನ ಅಕ್ಕ, ಕುರ್ಚಿಯಿಂದಲೇ. ಮೇಷ್ಟ್ರು ಸೂಜಿಯನ್ನು ಕೋಟಿಗೆ ಚುಚ್ಚಿದೊಡನೆ, "ಮೆಲ್ಲಗೆ ಕಣೋ, ಮೈಗೆ ತಾಗೀತು!" ಎಂದು ಕೂಗಿ, ಕೂಗಿದ ಮೇಲೆ ನೆನಪಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಗಳಿಗೂ ಈಗ ನಲವತ್ತು. ಅಂಗಡಿ ನಡೆಸುವವಳು ಅವಳೇ. "ಅಪ್ಪನ ಗುಂಡಿ ನೀವೇ ಹಾಕಿ ಮಾವ" ಎಂದು ಗುಂಡಿಯನ್ನು ಮೇಷ್ಟ್ರಿಗೆ ಕೊಟ್ಟಿದ್ದಳು.

ಪಕ್ಕದ ಕಟಿಂಗ್ ಶಾಪಿನವನು ಒಳಗೆ ಇಣುಕಿದ. ಬೆಳಿಗ್ಗೆ ಟೈಲರ್‌ಗೆ ಕೊನೆಯ ಶೇವ್ ಮಾಡಿದವನೂ ಅವನೇ.

"ಮೇಷ್ಟ್ರೇ, ಗಾಡಿ ಹನ್ನೊಂದಕ್ಕೆ ಬರುತ್ತಂತೆ. ಅದಕ್ಕೂ ಮುಂಚೆ ನೀವು ನಾಲ್ಕು ಮಾತಾಡ್ಬೇಕು. ಕೆಂಪೆಲೆ ಕತೆ ಹೇಳಿ. ಎಲ್ರೂ ಮುಖ ಊದಿಸ್ಕೊಂಡು ಕೂತವ್ರೆ, ಒಂದ್ಸಲ ನಗ್ಲಿ. ಅವ್ರಿಗೂ ಅದೇ ಇಷ್ಟ ಆಗ್ತಿತ್ತು."

"ಹೂಂ ಕಣೋ, ಅದನ್ನೇ ಹೇಳು," ಎಂದರು ಅಕ್ಕ. "ನಿನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತೆ? ನೀನು ಪಕ್ಕದಲ್ಲೇ ಕೂತಿದ್ದವನು."

ಮೇಷ್ಟ್ರು ಬಾಗಿಲತ್ತ ನೋಡಿದರು. ಅವರು ಕೂತಲ್ಲಿಂದ ಬಾಗಿಲ ಮೇಲಿನ ಬೋರ್ಡಿನ ಬೆನ್ನು ಮಾತ್ರ ಕಾಣುತ್ತಿತ್ತು. ಮುಂದುಗಡೆ ಇದ್ದದ್ದು: ಕೆಂಪೆಲೆ ಟೈಲರ್ಸ್. ಅಕ್ಷರ ಬರೆದು, ಪಕ್ಕದಲ್ಲೊಂದು ಕೆಂಪು ಎಲೆ ಬಿಡಿಸಿದವರು ಅವರೇ. ಬಣ್ಣ ಮಾಸಿದಾಗಲೆಲ್ಲ ಏಣಿ ಹತ್ತಿ ಮತ್ತೆ ಬಳಿದವರೂ ಅವರೇ.

*

ಟೈಲರ್‌ಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವರು ಮೇಷ್ಟ್ರು, ಇಬ್ಬರಿಗೂ ಹತ್ತು ವರ್ಷವಿದ್ದಾಗ. ಒಂದೇ ಬೆಂಚು, ಒಂದೇ ಡಬ್ಬಿ ಬಣ್ಣದ ಪೆನ್ಸಿಲ್.

"ಯಾರಿಗೂ ಹೇಳ್ಬೇಡ್ವೋ."

"ಹೇಳಲ್ಲ. ತಡಿ, ಒಂದು ಉಪಾಯ ಮಾಡೋಣ."

ಹುಡುಗ ಮೇಷ್ಟ್ರು ಕೆಂಪು ಪೆನ್ಸಿಲ್ಲಿನ ಬುಡವನ್ನು ಒಂದು ಸಲ ಕಚ್ಚಿದರು, ಹಸಿರಿನದನ್ನು ಎರಡು ಸಲ. "ಹೆಬ್ಬೆರಳಲ್ಲಿ ಮುಟ್ಟಿ ನೋಡ್ಕೋ. ಒಂದು ಕಚ್ಚಿದ್ರೆ ಕೆಂಪು. ಎರಡಿದ್ರೆ ಹಸಿರು."

ಅಂದಿನಿಂದ ಗೆಳೆಯನ ಎಲೆಗಳೆಲ್ಲ ಹಸಿರಾದವು. ಅವನ ಗೆರೆಯೋ, ಕೇಳಬೇಡಿ, ಬೆಕ್ಕು ಬಿಡಿಸಿದರೆ ಹಾಳೆಯಿಂದ ಎದ್ದು ಮೈ ಮುರಿಯುತ್ತದೇನೋ ಅನ್ನಿಸುತ್ತಿತ್ತು.

*

ಗುಂಡಿ ಗಟ್ಟಿಯಾಗಿ ಕೂತಿತು. ಮೇಷ್ಟ್ರು ದಾರ ಕಡಿದು ಉಂಡೆಯನ್ನು ಪೆಟ್ಟಿಗೆಗೆ ಇಟ್ಟರು. ಪೆಟ್ಟಿಗೆಯಲ್ಲಿ ನೂರಾರು ಉಂಡೆಗಳು, ಒಂದೊಂದಕ್ಕೂ ಪುಟ್ಟ ಚೀಟಿ: ಕೆಂಪು, ಹಸಿರು, ಕಂದು, ಗಿಳಿಹಸಿರು. ಎಲ್ಲ ಮೇಷ್ಟ್ರ ದುಂಡನೆಯ ಅಕ್ಷರ. ಪಟ್ಟಣದಲ್ಲಿ ಓದಿ, ಕೆಲಸ ಮಾಡಿ, ಈ ಊರಿನ ಶಾಲೆಗೇ ವರ್ಗವಾಗಿ ಬಂದಂದಿನಿಂದ ಮೂವತ್ತನಾಲ್ಕು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಬಂದು ಹೊಸ ಉಂಡೆಗಳಿಗೆ ಚೀಟಿ ಅಂಟಿಸಿ ಹೋಗುತ್ತಿದ್ದರು. ಜ್ವರವಿದ್ದರೂ ತಪ್ಪಿಸಿದವರಲ್ಲ. ಸ್ನೇಹ ಅಂದ್ರೆ ಇದು ನೋಡ್ರಪ್ಪ ಎಂದು ಬೀದಿಯವರು ಮಕ್ಕಳಿಗೆ ತೋರಿಸುತ್ತಿದ್ದರು. ಆಗೆಲ್ಲ ಮೇಷ್ಟ್ರು ತಲೆ ತಗ್ಗಿಸಿ ಅಂಟು ಒಣಗಿದೆಯೇ ಎಂದು ನೋಡುತ್ತಿದ್ದರು.

ಹತ್ತೂಮುಕ್ಕಾಲು. ಅಂಗಡಿ ತುಂಬಿ ಜನ ಹೊರಗಿನ ಮೆಟ್ಟಿಲ ಮೇಲೂ ನಿಂತಿದ್ದರು. ಕಟಿಂಗ್ ಶಾಪಿನವನು ಚಪ್ಪಾಳೆ ತಟ್ಟಿದ. "ಮೇಷ್ಟ್ರು ಮಾತಾಡ್ತಾರೆ. ಸ್ವಲ್ಪ ಸುಮ್ನಿರಿ."

*

ಹನ್ನೊಂದು ವರ್ಷವಾದಾಗ ಚಿತ್ರ ಸ್ಪರ್ಧೆ ಬಂತು. ಗೆದ್ದವನಿಗೆ ಪಟ್ಟಣದ ಚಿತ್ರಶಾಲೆಯಲ್ಲಿ ಸೀಟು, ಊಟ, ವಸತಿ. ಸೀಟು ಒಂದೇ. ಅದು ಯಾರಿಗೆ ಎಂದು ಮೇಷ್ಟ್ರಿಗೆ ಮೊದಲೇ ಗೊತ್ತಿತ್ತು. ಪಕ್ಕದಲ್ಲಿ ಕೂತು ದಿನಾ ಆ ಗೆರೆ ನೋಡುತ್ತಿದ್ದವರಲ್ಲವೇ?

ಆ ಬೆಳಿಗ್ಗೆ, ಗೆಳೆಯ ನೀರು ಕುಡಿಯಲು ಹೋದಾಗ, ಅವರು ಕೆಂಪು ಪೆನ್ಸಿಲ್ಲನ್ನು ಇನ್ನೊಂದು ಸಲ ಕಚ್ಚಿದರು. ಹಸಿರಿನ ಬುಡವನ್ನು ಬ್ಲೇಡಿನಿಂದ ಕತ್ತರಿಸಿ ಎಸೆದು, ಹೊಸದಾಗಿ ಒಂದೇ ಒಂದು ಸಲ ಕಚ್ಚಿದರು.

ವಿಷಯ: ಶಾಲೆಯ ಅಂಗಳ. ಗೆಳೆಯನ ಮರದಲ್ಲಿ ರಕ್ತಗೆಂಪು ಎಲೆಗಳು, ಪಾಚಿಹಸಿರು ಇಟ್ಟಿಗೆಯ ಗೋಡೆ. ತೀರ್ಪುಗಾರರು ಹಾಳೆಯನ್ನು ಎತ್ತಿ ಹಿಡಿದು, "ಏನಪ್ಪಾ, ಮರಕ್ಕೆ ಬೆಂಕಿ ಬಿದ್ದಿದೆಯಾ?" ಎಂದರು. ಇಡೀ ಹಾಲ್ ನಕ್ಕಿತು. ಆ ಹುಡುಗ ಅಳಲಿಲ್ಲ. ಪೆನ್ಸಿಲ್ಲುಗಳ ಬುಡವನ್ನು ಹೆಬ್ಬೆರಳಿನಿಂದ ಸವರುತ್ತ ಸ್ವಲ್ಪ ಹೊತ್ತು ಕೂತಿದ್ದು, ಎರಡನ್ನೂ ಜೇಬಿಗೆ ಹಾಕಿಕೊಂಡ. ಮತ್ತೆಂದೂ ಚಿತ್ರ ಬಿಡಿಸಲಿಲ್ಲ. ಸೀಟು ಸಿಕ್ಕ ಮೇಷ್ಟ್ರು ಪಟ್ಟಣಕ್ಕೆ ಹೋದರು, ಅವನು ಶಾಲೆ ಬಿಟ್ಟು ಅಪ್ಪನ ಹೊಲಿಗೆ ಮೆಷಿನ್ ತುಳಿದ. ಹೆಸರು ಮಾತ್ರ ಕೆಂಪೆಲೆ ಎಂದೇ ಉಳಿಯಿತು.

*

"ಅವತ್ತು ಅವನು ಎಲೆಗೆ ಕೆಂಪು ಬಳಿದ," ಎಂದು ಮೇಷ್ಟ್ರು ಶುರುಮಾಡಿದರು. ಎರಡು ಮೂರು ಜನ ಆಗಲೇ ನಗಲು ತಯಾರಾಗಿದ್ದರು. "ಬಳೀಲಿಲ್ಲ. ನಾನು ಬಳಿಸ್ದೆ."

ನಗು ಅಲ್ಲೇ ನಿಂತಿತು.

ಎಲ್ಲ ಹೇಳಿದರು. ನೀರು ಕುಡಿಯಲು ಹೋಗಿದ್ದು, ಬ್ಲೇಡು, ಕಚ್ಚು. ಎಲ್ಲಿಯೂ ಧ್ವನಿ ಏರಿಸಲಿಲ್ಲ, ಪಾಠ ಒಪ್ಪಿಸುವ ಹುಡುಗನ ಹಾಗೆ. "ನನ್ನ ಕೆಲಸ, ನನ್ನ ಪೆನ್ಶನ್ನು, ಈ ಮೇಷ್ಟ್ರು ಅನ್ನೋ ಹೆಸರು, ಎಲ್ಲಾ ಅವನ್ದು. ಅವನು ಬದುಕಿದ್ದಾಗ ಬಾಯಿ ಬಿಡ್ಲಿಲ್ಲ. ಈಗ್ಲೂ ನಿಮ್ಮನ್ನ ನಗಿಸಿ ಕಳಿಸೋಕೆ ನನ್ನಿಂದ ಆಗಲ್ಲ."

"ಹಾಳಾದವನೇ," ಎಂದರು ಅಕ್ಕ. ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. "ಐವತ್ತೊಂಬತ್ತು ವರ್ಷ ಕಣೋ! ನಮ್ಮನೇಲಿ ಅನ್ನ ತಿಂದ್ಕೊಂಡು!"

"ಅತ್ತೆ, ಕೂತ್ಕೊಳ್ಳಿ." ಮಗಳು ದಾರದ ಪೆಟ್ಟಿಗೆಯ ಹತ್ತಿರ ಹೋದಳು. "ಅಪ್ಪಂಗೆ ಗೊತ್ತಿತ್ತು."

ಮೇಷ್ಟ್ರು ತಲೆಯೆತ್ತಿದರು.

"ನಂಗಾಗ ಆರು ವರ್ಷ ಮಾವ. ನೀವು ಭಾನುವಾರ ಚೀಟಿ ಅಂಟಿಸಿ ಹೋಗ್ತಿದ್ರಿ. ಸೋಮವಾರ ಅಪ್ಪ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು, ಒಂದೊಂದೇ ಉಂಡೆ ಎತ್ತಿ, ಇದ್ಯಾವ ಬಣ್ಣ ಪುಟ್ಟಿ, ಇದ್ಯಾವುದು ಅಂತ ಕೇಳೋರು. ನಂಗೆ ಬಣ್ಣ ಕಲಿಸ್ತಿದಾರೆ ಅಂದ್ಕೊಂಡಿದ್ದೆ." ಮೂಗೆಳೆದುಕೊಂಡಳು. "ಒಂದು ವರ್ಷ ಕೇಳಿದ್ರು. ಆಮೇಲೆ ಒಂದಿನ, ಸಾಕು ಮಗಳೇ, ಇನ್ನು ನೋಡೋದ್ ಬೇಡ, ಅವನು ತಪ್ಪು ಬರೆಯಲ್ಲ ಅಂದ್ರು. ದೊಡ್ಡವಳಾದ್ಮೇಲೆ, ಚೀಟಿ ನಾನೇ ಬರೀತೀನಿ, ಮೇಷ್ಟ್ರು ಮಾವಂಗ್ಯಾಕೆ ತೊಂದ್ರೆ ಅಂದೆ. ಬೇಡ, ಅದನ್ನ ಅವನಿಂದ ಕಿತ್ಕೋಬೇಡ ಅಂದ್ರು. ಯಾಕೆ ಅಂತ ಇವತ್ತು ಗೊತ್ತಾಯ್ತು."

ಉಂಡೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯ ತಳದಿಂದ ಎರಡು ಮೋಟು ಪೆನ್ಸಿಲ್ ತೆಗೆದಳು. ಸವರಿ ಸವರಿ ಕಟ್ಟಿಗೆ ನುಣುಪಾಗಿತ್ತು. ಹಸಿರು, ಕೆಂಪಿಗಿಂತ ಒಂದು ಬೆರಳು ಗಿಡ್ಡ.

"ಇದನ್ನ ಯಾಕೆ ಇಟ್ಕೊಂಡಿದಾರೆ ಅಂತ ಯಾವತ್ತೂ ಹೇಳ್ಲಿಲ್ಲ. ತಗೊಳ್ಳಿ. ಒಂದು ಅಪ್ಪನ ಜೇಬಿಗೆ ಹಾಕಿ, ಒಂದು ನೀವಿಟ್ಕೊಳ್ಳಿ. ಯಾವುದು ಯಾರಿಗೆ ಅಂತ ನೀವೇ ನೋಡಿ ಮಾವ."

ಹೊರಗೆ ಗಾಡಿ ಬಂದು ನಿಂತಿತು. ಕಟಿಂಗ್ ಶಾಪಿನವನು ಡ್ರೈವರ್‌ಗೆ ಒಂದು ನಿಮಿಷ ಎಂದು ಕೈ ತೋರಿಸಿದ. ಅಕ್ಕ ಇನ್ನೂ ಕೂತಿರಲಿಲ್ಲ. ಮೇಷ್ಟ್ರನ್ನು ದುರುಗುಟ್ಟಿ ನೋಡಿದರು, ಆಮೇಲೆ ತಮ್ಮ ಕರವಸ್ತ್ರವನ್ನು ಅವರ ಎದೆಗೆ ತಳ್ಳಿ, "ಮುಖ ಒರೆಸ್ಕೋ ಮೊದ್ಲು," ಎಂದರು.

ಮೇಷ್ಟ್ರು ಮುಖ ಒರೆಸಿಕೊಂಡು ಮೇಜಿನ ಹತ್ತಿರ ಬಂದು ನಿಂತರು. ಕಂದು ಕೋಟಿನ ಎದೆಯ ಜೇಬು ಒಂಚೂರು ಬಾಯಿ ತೆರೆದಿತ್ತು. ಅವರು ಕಣ್ಣು ಮುಚ್ಚಿ, ಗೆಳೆಯನ ಹಾಗೆಯೇ, ಹೆಬ್ಬೆರಳಿನಿಂದ ಬುಡ ಸವರಿದರು. ಒಂದು ಕಚ್ಚು. ಎರಡು ಕಚ್ಚು. ಎರಡರಲ್ಲೂ ಹನ್ನೊಂದು ವರ್ಷದ ತಮ್ಮದೇ ಹಲ್ಲು.

ಹೇಳಿ, ನೀವಾಗಿದ್ದರೆ ಯಾವುದನ್ನು ಆ ಜೇಬಿಗೆ ಹಾಕುತ್ತಿದ್ದಿರಿ?